ನಮ್ಮ ಮಾವನ ಜಡ್ಜ್ ಸಾಹೇಬರು

ನಮ್ಮ ಮಾವನಿಗೆ ಕೊಲೆ ಕೇಸಿನಿಂದ ಲಾಭವಾಗಿದೆ. ಇದನ್ನು ನಾನು ಹೇಳಿದ್ದರೆ ನಮ್ಮಮ್ಮ ನನ್ನ ನಾಲಿಗೆಗೆ ಬರೆ ಹಾಕುತ್ತಿದ್ದಳು. ಹೇಳಿರುವುದು ಮಂಡ್ಯದ ಕೋರ್ಟು. ಮೂವತ್ತು ವರ್ಷದ ಹಿಂದೆ ಅಲ್ಲಿನ ಜಡ್ಜ್ ಸಾಹೇಬರು ಮಾವನಿಗೆ 'ಸಂಶಯದ ಲಾಭ' ಕೊಟ್ಟು ಬಿಡುಗಡೆ ಮಾಡಿದರು. ಸಾಕ್ಷಿ ಸಾಲದಿದ್ದರೆ ಅನುಮಾನದ ಅನುಕೂಲ ಆರೋಪಿಗೆ ಹೋಗುತ್ತದೆ ಎಂಬುದು ಅದರ ಅರ್ಥ. ವಕೀಲರು ಅದನ್ನು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಬಿಡಿಸಿ ಹೇಳಿದರಂತೆ. ಆದರೆ ಜೊತೆಗೆ ಹೋಗಿದ್ದ ಊರಿನವರ ಕಿವಿಗೆ ಬಿದ್ದದ್ದು ಒಂದೇ ಮಾತು. ಬಸ್ಸು ಮಳವಳ್ಳಿ ಮುಟ್ಟುವಷ್ಟರಲ್ಲಿ ಸುದ್ದಿಗೆ ಕೈಕಾಲು ಮೂಡಿದ್ದವು.

"ಬುಟ್ಬುಟ್ರಂತೆ ಕಣ್ಲಾ."

"ಬುಡದೇನ್ ಬಂತು, ಲಾಭಾನೂ ಕೊಟ್ಟವ್ರಂತೆ."

"ಏಸು ಕೊಟ್ರಂತ್ಲಾ?"

"ಅದ್ನ ಯೋಳ್ಬುಡ್ತಾನಾ ಅವ್ನು? ಕಳ್ಳ."

ಅವತ್ತಿನಿಂದ ನಮ್ಮ ಮಾವ ಊರಿಗೆಲ್ಲ ಲಾಭದಣ್ಣ. ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಎಲ್ಲೆಂದರಲ್ಲಿ ಕರೆಯುವುದು ಅಷ್ಟು ಒಳ್ಳೆಯದಲ್ಲ. ಯಾಕೆ ಎಂದು ಮುಂದೆ ನಿಮಗೇ ತಿಳಿಯುತ್ತದೆ.

ಮಾವ ಅಂದರೆ ನಮ್ಮಮ್ಮನ ತಮ್ಮ. ಮಳವಳ್ಳಿ ಕಡೆಯ ಹಳ್ಳಿ, ಸ್ವಲ್ಪ ಗದ್ದೆ, ಸ್ವಲ್ಪ ಹಿಪ್ಪುನೇರಳೆ, ಎರಡು ಎಮ್ಮೆ. ಮದ್ದೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಟವೆಲಿನಲ್ಲಿ ಅವರೆಕಾಯಿಯನ್ನೋ ಹಾಗಲಕಾಯಿಯನ್ನೋ ಕಟ್ಟಿ ತರುತ್ತಾರೆ, ಬಾಗಿಲ ಹೊರಗೇ ಕಾಲು ತೊಳೆಯುತ್ತಾರೆ, ಕಾಫಿ ಆರಿಸಿ ಕುಡಿಯುತ್ತಾರೆ. ಆಮೇಲೆ ಜಡ್ಜ್ ಸಾಹೇಬರ ಕತೆ ಶುರು. ಮಾವನಿಗೆ ದೇವರಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಮುತ್ತತ್ತಿಗೆ ಹೋಗಿ ಹೊಳೆಯಲ್ಲಿ ಮುಳುಗೆದ್ದು ಆಂಜನೇಯನಿಗೆ ಕೈ ಮುಗಿಯುತ್ತಾರೆ. ಆದರೆ ಅಲ್ಲಿ ಅವರು ಬೇಡಿಕೊಳ್ಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ: "ನಮ್ ಸಾಯೇಬ್ರ ಚೆಂದಾಗ್ ನೋಡ್ಕಳಪ್ಪ. ನೀನೂ ಅವ್ರೂ ಇಬ್ರೇ ನಂಗಿರೋದು."

ನಗು ಬರುತ್ತದೆ, ನನಗೂ ಬರುತ್ತದೆ. ಆದರೆ ಈ ಭಕ್ತಿಯ ಬುಡದಲ್ಲಿ ಒಂದು ಸಾವಿದೆ. ಸತ್ತವನು ಪುಟ್ಟಸ್ವಾಮಿ, ಮಾವನ ಜೀವದ ಗೆಳೆಯ. ಅವತ್ತು ಮಧ್ಯಾಹ್ನ ಇಬ್ಬರೂ ನೀರಿನ ಪಾಳಿಗೆ ಊರ ಮುಂದೆ ಜಗಳವಾಡಿದ್ದರು. ಮಾರನೆಯ ಬೆಳಗ್ಗೆ ಪುಟ್ಟಸ್ವಾಮಿ ನಾಲೆಯ ತೂಬಿನಲ್ಲಿ, ಅಂದರೆ ಗದ್ದೆಗೆ ನೀರು ಬಿಡುವ ಆ ಕಿಂಡಿಯಲ್ಲಿ, ಸಿಕ್ಕಿಕೊಂಡು ಸತ್ತಿದ್ದ. ದಂಡೆಯ ಮೇಲೆ ಮಾವನ ಟವೆಲು ಬಿದ್ದಿತ್ತು. ಜಗಳ ಕಂಡವರು ಬೇಕಾದಷ್ಟು ಜನ. ಸಾವು ಕಂಡವರು ಯಾರೂ ಇಲ್ಲ. ಪುಟ್ಟಸ್ವಾಮಿಯ ಹೆಂಡತಿ ಸಣ್ಣತಾಯಮ್ಮ ಈಗಲೂ ನಾಲೆಯ ಏರಿ ಪಕ್ಕದ ಅದೇ ಮನೆಯಲ್ಲಿದ್ದಾಳೆ. ಮೂವತ್ತು ವರ್ಷದಿಂದ ಆಕೆ ಮಾವನ ಜೊತೆ ಒಂದು ಮಾತಾಡಿಲ್ಲ. ಮಾವ ಆ ದಾರಿಯಲ್ಲಿ ಬಂದರೆ ಬಾಗಿಲು ಮುಂದಕ್ಕೆ ಬರುತ್ತದೆ. ಬಡಿಯುವುದಿಲ್ಲ, ಸುಮ್ಮನೆ ಮುಂದಕ್ಕೆ ಬರುತ್ತದೆ, ಗಾಳಿಗೆ ಬಂದ ಹಾಗೆ.

ಮಾವ ಬದುಕಿನಲ್ಲಿ ಬೇಡುವುದು ಒಂದೇ. ತಾವು ಸಾಯುವ ಮುಂಚೆ ಆಕೆ ಒಂದು ಸಲ "ನೀನು ಮಾಡಿಲ್ಲ ಬುಡಣ್ಣ" ಅನ್ನಬೇಕು. ಸಾಹೇಬರ ಕತೆಯನ್ನು ಅವರು ಊರೂರಿಗೆ ಹೊತ್ತುಕೊಂಡು ತಿರುಗುವುದೂ ಅದಕ್ಕೇ ಎಂದು ನನಗೆ ತಡವಾಗಿ ಹೊಳೆಯಿತು. ಸಾಹೇಬರು ಎಷ್ಟು ದೊಡ್ಡವರಾದರೆ ಅವರ ತೀರ್ಪೂ ಅಷ್ಟು ದೊಡ್ಡದಾಗಬೇಕಲ್ಲ? ಬೆಳೆಯುತ್ತ ಬೆಳೆಯುತ್ತ ಒಂದು ದಿನ ಆ ಬಾಗಿಲ ಆಚೆಗೂ ಕೇಳಿಸೀತು.

ಹಾಗಾಗಿ ಮಾವನ ಜೊತೆ ಬಸ್ಸು ಹತ್ತುವುದೆಂದರೆ ಹರಿಕಥೆಗೆ ಟಿಕೆಟ್ ತೆಗೆದ ಹಾಗೆ. ಒಮ್ಮೆ ಮದ್ದೂರಿನಿಂದ ಮಂಡ್ಯಕ್ಕೆ ಹೊರಟಿದ್ದೆವು. ಪಕ್ಕದ ಸೀಟಿನವರು ಪಾಪ, "ಯಾವೂರು ಯಜಮಾನ್ರೆ?" ಅಂದರು, ಅಷ್ಟೆ.

"ನಮ್ದು ಇರ್ಲಿ ಬುಡಿ. ನಮ್ ಸಾಯೇಬ್ರು ಬ್ಲಫಿನಲ್ ಬೆಳೆದೋರು," ಎಂದು ಮಾವ ಸರಿದು ಕೂತರು. ಬ್ಲಫು ಅಂದರೆ ಹೊಳೆಯ ನೀರಿನಿಂದ ಕರೆಂಟು ತೆಗೆಯುವ ಊರು. "ಅವ್ರಪ್ಪ ಪವರ್ ಹೌಸಲ್ಲಿ ಕೂಲಿ. ಬ್ಯಾರೇರೆಲ್ಲ ಬೀದಿ ದೀಪ್ದಲ್ಲಿ ಓದುದ್ರೆ ಇವ್ರು ಕರೆಂಟು ಉಟ್ಟೋ ಜಾಗ್ದಲ್ಲೇ ಓದುದ್ರು. ಸುಮ್ಕೆ ಬತ್ತದಾ ಅಂತ ತಲೆ?"

ಹಿಂದಿನ ಸೀಟಿನ ಹೆಂಗಸು ಬುಟ್ಟಿ ಸರಿಸಿಕೊಂಡು ಮುಂದೆ ಬಗ್ಗಿದಳು. "ಯಾರು, ಆ ಜಡ್ಜಪ್ಪಾರಾ? ಇಲ್ಲ ಕಣಣ್ಣೋ. ಅವ್ರಪ್ಪ ನಮ್ ನಿಡಘಟ್ಟದಲ್ಲಿ ಎತ್ತಿನ ಗಾಡಿ ಒಡೀತಿದ್ರು. ನಮ್ಮತ್ತೆ ಕಣ್ಣಾರೆ ಕಂಡವ್ಳೆ."

"ಗಾಡಿ ಅಲ್ಲಮ್ಮ," ಎಂದ ಕಂಡಕ್ಟರು, ಟಿಕೆಟ್ ಹರಿಯುತ್ತ. "ಮಂಡ್ಯದಲ್ಲಿ ಕಬ್ಬಿನ ಲಾರಿ ಲೋಡರ್ರು. ನಮ್ಮ ಬೀದಿಲೇ ಇದ್ರು."

ನಾನು ಮಾವನ ಕಿವಿಯಲ್ಲಿ ಹೇಳಿದೆ: "ಮಾವ, ಮನುಷ್ಯರಿಗೆ ಅಪ್ಪ ಒಬ್ಬರಿದ್ದರೆ ಸಾಕು. ನಿಮ್ಮ ಸಾಹೇಬರಿಗೆ ಸ್ಟಾಪಿಗೊಬ್ಬರು ಇದ್ದಾರಲ್ಲ?"

ಮಂಡ್ಯ ಬರುವವರೆಗೆ ಮಾವ ನನ್ನ ಕಡೆ ತಿರುಗಲಿಲ್ಲ. ಇಳಿದ ಮೇಲೆ ಪಂಚೆ ಕೊಡವಿಕೊಂಡು ಹೇಳಿದರು: "ಒಳ್ಳೇ ಮನ್ಸ ಆದ್ರೆ ಎಲ್ಲಾ ಊರ್ನೋರೂ ನಮ್ಮಗ ಅಂತರೆ ಕಣವ್ವ. ಕೆಟ್ಟೋನಾದ್ರೆ ಎತ್ತಪ್ಪನೂ ಒಪ್ಪಕಳಕ್ಕಿಲ್ಲ." ಕೋರ್ಟಿಗೆ ಅಲೆಯುತ್ತಿದ್ದ ಕಾಲದಲ್ಲಿ ಅಜ್ಜ ಮಾವನನ್ನು ಮನೆಗೆ ಸೇರಿಸಿರಲಿಲ್ಲ.

ನಮ್ಮ ಮನೆಯ ಹತ್ತಿರದ ಗ್ಯಾರೇಜಿನ ಅನ್ವರ್ ಭಾಯ್ ಬಳಿಯೂ ಸಾಹೇಬರದೊಂದು ಕತೆಯಿದೆ. ಸಾಹೇಬರು ಹಳೆಯ ಸ್ಕೂಟರನ್ನು ತಾವೇ ತಳ್ಳಿಕೊಂಡು ಬಂದು, ರಿಪೇರಿ ಮುಗಿಯುವವರೆಗೆ ಬಿಸಿಲಲ್ಲಿ ನಿಂತಿರುತ್ತಿದ್ದರಂತೆ. "ಕೂತ್ಕಳಿ ಸಾರ್ ಅಂತ ಸ್ಟೂಲ್ ಹಾಕಿದೆ ಅಮ್ಮ. ಅವರು ಏನಂದ್ರು ಗೊತ್ತಾ? 'ಕೂತರೆ ಟೀ ತರಿಸ್ತೀರಿ. ಟೀ ಕುಡಿದರೆ ಮಾತು ಬರುತ್ತೆ. ಮಾತು ಬಂದರೆ ನಿಮ್ಮ ಭಾವನ ಕೇಸು ಬರುತ್ತೆ.' ನಂಗೆ ಮೈಯೆಲ್ಲ ಜುಂ ಅಂತು. ನಾನು ಬಾಯೇ ಬಿಟ್ಟಿರ್ಲಿಲ್ಲ."

"ನಿಮ್ಮ ಭಾವನ ಕೇಸು ಇತ್ತಾ?"

"ಇತ್ತಮ್ಮ," ಎಂದರು ಅನ್ವರ್ ಭಾಯ್, ಸ್ಪ್ಯಾನರು ಒರೆಸುತ್ತ. "ಅದಕ್ಕೇ ತಾನೆ ಸ್ಟೂಲ್ ಹಾಕಿದ್ದು."

ಹೀಗೆ ಮದ್ದೂರು, ಮಂಡ್ಯ, ಮಳವಳ್ಳಿ ಮೂರು ಊರಿನಲ್ಲೂ ಸಾಹೇಬರ ಕತೆಗಳು ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಹೇಳುವವರೆಲ್ಲ ಒಂದು ಕಡೆ ದನಿ ತಗ್ಗಿಸುತ್ತಾರೆ, ಸಾಹೇಬರು ಬಸ್ಸಿನ ಕೊನೆಯ ಸೀಟಿನಲ್ಲೇ ಕೂತಿದ್ದಾರೇನೋ ಎಂಬ ಹಾಗೆ. ತಗ್ಗಿಸಿ ಹೇಳುವ ಆ ಮಾತು ಎಲ್ಲರದೂ ಒಂದೇ: ಸಾಹೇಬರು ಸಾಕ್ಷಿ ಕೇಳುವಾಗ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಸುಳ್ಳು ಬಂದ ಜಾಗದಲ್ಲಿ ಮಾತ್ರ ತೆರೆಯುತ್ತಿದ್ದರು.

ಮಾವ ಅವರ ಮುಂದೆ ಮೊದಲ ಸಲ ನಿಂತ ಕತೆ ಕೇಳಿ. ಕೋರ್ಟಿನಲ್ಲಿ ಕೇಸು ಬಂದಾಗ ಜವಾನ ಬಾಗಿಲಲ್ಲಿ ನಿಂತು ಪಾರ್ಟಿಯ ಹೆಸರನ್ನು ಮೂರು ಸಲ ಕೂಗುತ್ತಾನೆ. ನಮ್ಮ ಕಡೆ ಇನ್ನೊಂದು ಕೂಗಿದೆ. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ತಟ್ಟನೆ ಓಗೊಡಬಾರದು. ಸತ್ತವರ ದನಿ ಎರಡು ಸಲ ಕೂಗಿ ನಿಲ್ಲುತ್ತದೆ. ಮೂರನೆಯದನ್ನು ಕೂಗಲು ಅದಕ್ಕೆ ಉಸಿರು ಸಾಲದು. ಮೂರು ಸಲ ಕೂಗಿದರೆ ಅದು ನಮ್ಮಂಥ ಮನುಷ್ಯರು. ಎರಡಕ್ಕೇ ಓಗೊಟ್ಟು ಎದ್ದು ಹೋದವರು ತಿರುಗಿ ಬಂದಿಲ್ಲವೆಂದು ನಮ್ಮಜ್ಜಿ ಹೇಳುತ್ತಿದ್ದಳು. ಯಾರು ಹೋದರು, ಎಲ್ಲಿಗೆ ಹೋದರು ಎಂದು ಕೇಳಿದರೆ ತಲೆಗೆ ಮೊಟಕುತ್ತಿದ್ದಳು.

ಮಂಡ್ಯದಲ್ಲಿ ಜವಾನ ಮಾವನ ಹೆಸರು ಕೂಗಿದ್ದು ಹಾಡುಹಗಲಿನಲ್ಲಿ. ಆದರೆ ಸ್ನೇಹಿತ ನೀರಿನಲ್ಲಿ ಸತ್ತಮೇಲೆ ಮಾವನಿಗೆ ಹಗಲು ಯಾವುದು, ರಾತ್ರಿ ಯಾವುದು? ಒಂದು ಸಲ ಕೂಗಿದ. ಮಾವ ಅಲ್ಲಾಡಲಿಲ್ಲ. ಎರಡನೆಯ ಸಲ ಕೂಗಿದ. ವಕೀಲರು ಮೊಣಕೈಯಲ್ಲಿ ತಿವಿದರೂ ಮಾವ ಕಂಬದ ಹಿಂದೆ ಕಂಬವಾಗಿ ನಿಂತಿದ್ದರು. ಜವಾನನಿಗೆ ಬೇಸರವಾಗಿ, ಪಾರ್ಟಿ ಬಂದಿಲ್ಲ ಎನ್ನಲು ಒಳಗೆ ತಿರುಗಿದ. ಆಗ ಒಳಗಿನಿಂದ ಸಾಹೇಬರ ದನಿ ಬಂತಂತೆ, ಮೆಲ್ಲಗೆ:

"ಇನ್ನೊಂದು ಸಲ ಕೂಗಪ್ಪ. ಆ ಕಡೆಯವರು ಮೂರನೇದಕ್ಕೇ ಬರೋದು."

"ಇವ್ನಿ ಬುದ್ಧಿ," ಎಂದು ಮಾವ ಓಡಿದರಂತೆ.

ಅಲ್ಲಿಂದ ಸಾಹೇಬರು ನಮ್ಮವರು. ಮಾವನ ಅಭ್ಯಾಸ ಮಾತ್ರ ಕೋರ್ಟಿಗೆ ನಿಲ್ಲಲಿಲ್ಲ. ಈಗ ಮೊಬೈಲನ್ನೂ ಎರಡು ಸಲ ಹೊಡೆದುಕೊಳ್ಳಲು ಬಿಟ್ಟು ಮೂರನೆಯ ಸಲ ಎತ್ತುತ್ತಾರೆ. "ಲೋನು ಬೇಕಾ ಅನ್ನೋ ಉಡ್ಗೀರು ಒಂದ್ಸಲ ಮಾಡಿ ಸುಮ್ಕಾಯ್ತರೆ. ಅವು ದೆವ್ವಗಳೇ ಕಣವ್ವ." ಮಳವಳ್ಳಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಎರಡು ಸಲ ಕರೆದು ಮುಂದಿನವರನ್ನು ಕರೆದಳು, ಮಾವ ಇಂಜೆಕ್ಷನ್ ಇಲ್ಲದೆ ವಾಪಸು ಬಂದರು. ಮಾವನ ಹೆಂಡತಿ, ನಮ್ಮ ಅತ್ತೆ, ಮಾತ್ರ ಈ ಗೊಡವೆಗೆ ಹೋಗುವುದಿಲ್ಲ. ಉಣ್ಣಲು ಒಂದೇ ಸಲ ಕರೆಯುತ್ತಾಳೆ; ಬರದಿದ್ದರೆ ಅನ್ನಕ್ಕೆ ನೀರು ಹಾಕುತ್ತಾಳೆ. ಆ ಒಂದು ಕೂಗಿಗೆ ಮಾವ ಓಡಿ ಬರುತ್ತಾರೆ. ಅತ್ತೆಯ ಮುಂದೆ ದೆವ್ವದ ಶಾಸ್ತ್ರ ನಡೆಯುವುದಿಲ್ಲ.

ಇನ್ನು ಒಂದು ಕುರ್ಚಿಯ ವಿಚಾರ. ಕೋರ್ಟಿನ ಹಳೇ ಸಾಮಾನು ಹರಾಜಾದಾಗ ಮಾವ ಒಂದು ಬೆತ್ತದ ಕುರ್ಚಿಯನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದರು. ಒಂದು ಕೈ ಮುರಿದಿತ್ತು. "ಮನೇಲಿ ಮಂಚ ಮುರ್ದು ಬಿದ್ದದೆ, ಇವ್ರು ಸಿಂವಾಸ್ನ ತಂದ್ರು," ಎಂದಳು ಅತ್ತೆ. ನಮ್ಮ ಯಜಮಾನರು ಅದನ್ನು ಸುತ್ತ ನೋಡಿ, "ಇದು ಜಡ್ಜ್ ಕುರ್ಚಿ ಅಲ್ಲ, ಟೈಪಿಸ್ಟ್ ಕುರ್ಚಿ," ಎಂದರು. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಪಡಸಾಲೆಯ ಮೂಲೆಯಲ್ಲಿಟ್ಟು, ಸಾಹೇಬರು ಕೂರುವ ಜಾಗ ಎಂದು ಮಡಿಸಿದ ಟವೆಲು ಹಾಸಿದರು. ಅದರ ಮೇಲೆ ಯಾರೂ ಕೂರುವುದಿಲ್ಲ. ಮನುಷ್ಯರು ಹೋಗಲಿ, ಎಲ್ಲಿ ಮೆತ್ತಗಿದೆಯೋ ಅಲ್ಲಿ ಸುರುಳಿ ಸುತ್ತುವ ಆ ಮನೆಯ ಬೆಕ್ಕು ಕೂಡ ಅದರ ಹತ್ತಿರ ಬಂದು ಮೂಸಿ, ಮೇಲೆ ಒಂದು ಸಲ ನೋಡಿ, ಹಿಂದಕ್ಕೆ ಹೋಗುತ್ತದೆ. ಬೆಕ್ಕು ಮೇಲೆ ಏನನ್ನು ನೋಡುತ್ತದೆ ಎಂದು ನಾನು ಯೋಚಿಸದಿರಲು ಪ್ರಯತ್ನಿಸುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ಆ ಕುರ್ಚಿ 'ಕಿರ್' ಎನ್ನುತ್ತದೆ. ಇಡೀ ದಿನ ಕೂತಿದ್ದವರು ಸೊಂಟ ಹಿಡಿದುಕೊಂಡು ಎದ್ದ ಹಾಗೆ. ಬಿಸಿಲಿಗೆ ಕಾದ ಬೆತ್ತ ಸಂಜೆ ತಣಿಯುವಾಗ ಸದ್ದು ಮಾಡುತ್ತದೆ, ಅಷ್ಟೇ. ನನಗೆ ಗೊತ್ತಿದೆ. ಗೊತ್ತಿದ್ದರೂ ಆ ಸದ್ದು ಮುಗಿಯುವವರೆಗೆ ನಾನು ಮಾತಾಡುವುದಿಲ್ಲ.

ಒಮ್ಮೆ ಬೀದಿಯ ಇಬ್ಬರು ಹೆಂಗಸರು ಕೋಳಿ ಜಗಳ ಹೊತ್ತುಕೊಂಡು ಬಂದರು. ಮೊಟ್ಟೆ ಇಡುವ ಕೋಳಿಯನ್ನು ಇವಳು ಕದ್ದು ಸಾರು ಮಾಡಿದ್ದಾಳೆ ಎಂದು ಅವಳು. ಮುಟ್ಟಿಲ್ಲ ಎಂದು ಇವಳು. ಮಾವ ಇಬ್ಬರನ್ನೂ ಕುರ್ಚಿಯ ಮುಂದೆ ನಿಲ್ಲಿಸಿ, "ನಂಗ್ ಯೋಳ್ಬ್ಯಾಡಿ. ಅಲ್ಲಿ ಯೋಳಿ," ಎಂದರು. ಇಬ್ಬರೂ ಖಾಲಿ ಕುರ್ಚಿಯನ್ನು ನೋಡುತ್ತ ನಿಂತರು. ಒಳಗೆ ಅತ್ತೆ ದೀಪಕ್ಕೆ ಕಡ್ಡಿ ಗೀರಿದಳು. ಕಿರ್.

"ಸಾರು ಮಾಡಿದ್ದು ದಿಟ ಕನಪ್ಪ," ಎಂದಳು ಕದ್ದವಳು, ಕುರ್ಚಿಗೇ.

ಕೋಳಿ ಕಳಕೊಂಡವಳೂ ತಲೆ ತಗ್ಗಿಸಿದಳು. "ಅದು ಮೊಟ್ಟೆ ಇಡ್ತಿರ್ಲಿಲ್ಲ ಕನಪ್ಪ. ಮುದಿ ಕೋಳಿ."

ನಾನೂ ತಪ್ಪಿಸಿಕೊಂಡಿಲ್ಲ. ಒಂದು ಸಂಜೆ ಅತ್ತೆಗೆ ತೊಂದರೆ ಬೇಡವೆಂದು, "ಮದ್ದೂರಲ್ಲೇ ಊಟ ಮುಗಿಸ್ಕೊಂಡು ಬಂದೆ ಅತ್ತೆ," ಎಂದೆ. ಕುರ್ಚಿ ಕಿರ್ ಎಂದಿತು. ಅತ್ತೆ ತಟ್ಟೆ ತಂದಿಟ್ಟಳು.

ಇಷ್ಟೆಲ್ಲ ನಾನು ಮದ್ದೂರಿನಲ್ಲಿ ನಗುತ್ತ ಹೇಳುತ್ತಿದ್ದೆ. ನಾಲೆಯ ಹತ್ತಿರ ಆದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಒಂದು ಸಂಜೆ ಮಾವನೂ ನಾನೂ ಏರಿಯ ಮೇಲೆ ಬರುತ್ತಿದ್ದೆವು. ಅವರ ತಲೆಯ ಮೇಲೆ ಹುಲ್ಲಿನ ಹೊರೆ, ನನ್ನ ಕೈಯಲ್ಲಿ ಅಣ್ಣೆ ಸೊಪ್ಪು. ನಾಲೆ ತುಂಬಿ ಹರಿಯುತ್ತಿತ್ತು. ತುಂಬಿದ ನಾಲೆಗೆ ಸದ್ದಿರುವುದಿಲ್ಲ. ಸದ್ದೆಲ್ಲ ತೂಬಿನ ಬಾಯಲ್ಲಿರುತ್ತದೆ. ಆಚೆ ಸಣ್ಣತಾಯಮ್ಮನ ಮನೆ ಕಾಣುತ್ತಿತ್ತು, ಒಳಗೆ ಆಗತಾನೆ ದೀಪ ಹತ್ತಿತ್ತು. ಆಗ ಯಾರೋ ಮಾವನ ಹೆಸರು ಕೂಗಿದರು.

ನೀರಿನ ಕಡೆಯಿಂದ. ಗಂಡಸಿನ ದನಿ. ಕೋಪದ್ದಲ್ಲ, ಅವಸರದ್ದು.

ಮಾವ ನಿಂತರು. ಹೊರೆಯನ್ನು ಮೆಲ್ಲಗೆ ಕೆಳಗಿಟ್ಟರು. ಇನ್ನೊಂದು ಸಲ ಕೂಗು ಬಂತು, ಈ ಸಲ ಕೊನೆಯಲ್ಲಿ ಸ್ವಲ್ಪ ಮುರಿದು. ನನ್ನ ಕೈಯ ಸೊಪ್ಪು ತಣ್ಣಗಾಯಿತು. ಆ ಹೆಸರಿನವರು ಆ ಊರಿನಲ್ಲಿ ಇನ್ನೂ ಇದ್ದಾರೆ, ಯಾರೋ ಯಾರನ್ನೋ ಕರೆದಿರಬಹುದು. ಆದರೆ ಏರಿಯ ಮೇಲೆ ಕಣ್ಣು ಹಾಯುವಷ್ಟು ದೂರ ಯಾರೂ ಇರಲಿಲ್ಲ. ಮಾವ ಭಯ ಬಿದ್ದಿರಲಿಲ್ಲ. ನಾನು ಅವರ ಮುಖ ನೋಡಿದೆ. ಬಸ್ಸಿಗೆ ಕಾಯುವವರ ಮುಖದ ಹಾಗಿತ್ತು. ಮೂರನೆಯದು ಬರಲಿ ಎಂದು ಅವರು ಕಾಯುತ್ತಿದ್ದರು.

ಬರಲಿಲ್ಲ.

"ನಂಗೂ ಕೇಳಿಸ್ತು ಮಾವ," ಎಂದೆ.

"ಕೇಳುಸ್ತಾ?" ಮಾವನ ಮುಖ ಬೆಳಗಿತು. "ಅಂಗಾರೆ ನಂಗೆ ಉಚ್ಚು ಇಡ್ದಿಲ್ಲ." ಹೊರೆಯ ಮೇಲೆಯೇ ಕೂತರು. "ಅವತ್ತೂ ಇಂಗೇ ಕಣವ್ವ. ಮದ್ಯಾನ ಜಗ್ಳ ಆಡಿದ್ವಿ. ಮನ್ಸು ತಡೀನಿಲ್ಲ. ಸಂದ್ಯಾಕಾಲ್ದಲ್ಲಿ ತೂಬ್ತಾಕೆ ಬಂದೆ, ಅವ್ನಿರ್ಲಿಲ್ಲ. ಟವಲು ಕಲ್ಮೇಲೆ ಮಡಗಿ ಮುಖ ತೊಳ್ಕಂಡು, ಮರ್ತು ಅಂಗೇ ಕೊಟ್ಟಿಗೆಗೋದೆ. ದೀಪ ಅತ್ತಿತ್ತು. ಅವ್ನು ಕೂಗ್ದ. ಅವನ್ದೇ ದನಿ. ನಂಗೇನ್ ಗೊತ್ತು? ದೀಪ ಅತ್ತಿದ್ಮೇಲೆ ಕೂಗ್ತಾ ಅವ್ನೆ, ಮೂರ್ನೇದು ಕೂಗ್ಲಿ ಎದ್ದೋಯ್ತೀನಿ ಅಂತ ಎಮ್ಮೆ ಪಕ್ದಲ್ಲಿ ನಿಂತಿದ್ದೆ. ಎಲ್ಡೇ ಕೂಗ್ದ."

ಕೆಳಗೆ ತೂಬು ಗೊಳಗೊಳ ಎನ್ನುತ್ತಿತ್ತು.

"ಬದುಕಿದ್ದಾಗ್ಲೇ ಕೂಗಿದ್ದು ಕಣವ್ವ ಅವ್ನು. ಮೂರ್ನೇದ್ಕೆ ನೀರು ಬುಡ್ನಿಲ್ಲ."

ಇದನ್ನು ಮಾವ ಕೋರ್ಟಿನಲ್ಲೂ ಹೇಳಿದ್ದರಂತೆ. ಸರ್ಕಾರಿ ವಕೀಲರು ನಕ್ಕರು, ಹಿಂದೆ ಕೂತಿದ್ದವರು ನಕ್ಕರು. "ಸಾಯೇಬ್ರು ನಗ್ನಿಲ್ಲ. ಕಣ್ಣು ಮುಚ್ಚೇ ಇದ್ರು. 'ಆಮೇಲೆ?' ಅಂದ್ರು. 'ಆಮೇಲೆ ಸದ್ದಿಲ್ಲ ಬುದ್ಧಿ' ಅಂದೆ. ಪೆನ್ನು ಕೆಳಗಿಟ್ರು. ಬಾಳೊತ್ತು ಎತ್ನಿಲ್ಲ." ಆಮೇಲೊಂದು ದಿನ ಸಾಹೇಬರೇ ಜಾಗ ನೋಡಲು ಬಂದರು. ಷೂ ಬಿಚ್ಚಿಟ್ಟು ತೂಬಿನ ಕಲ್ಲಿಗೆ ಇಳಿದರು, ಪಾಚಿಯ ಮೇಲೆ ಕಾಲು ಜಾರಿತು, ಪೊಲೀಸಿನವರು ಹಿಡಿದುಕೊಂಡರು. ಮೇಲೆ ಹತ್ತಿ ಬಂದು ಸಾಹೇಬರು ಅಂದದ್ದು ಇಷ್ಟು: "ಇಲ್ಲಿ ಯಾರು ಬೇಕಾದರೂ ಜಾರಬಹುದು." ಬಸ್ಸಿನಲ್ಲಿ ಜನ ಆ ಕತೆಯನ್ನು, ಸಾಹೇಬರನ್ನು ಹಿಡಿದು ಉಳಿಸಿದ್ದೇ ಮಾವ ಎಂದು ಬೆಳೆಸಿದ್ದಾರೆ. ಮಾವ ಅದೊಂದನ್ನು ಮಾತ್ರ ತಿದ್ದುತ್ತಾರೆ. "ನಾನು ಇಡೀನಿಲ್ಲ. ನಾನು ಯಾರ್ನೂ ಇಡೀನಿಲ್ಲ."

"ಸಾಹೇಬರು ನಂಬಿದರಲ್ಲ ಮಾವ, ಸಾಕಲ್ಲ?"

"ಸಂಸಯ ಅಂತ ಬರುದ್ರಲ್ಲವ್ವ. ಯಾರ್ದು ಆ ಸಂಸಯ? ಅವ್ರದ್ದಲ್ಲ. ಅವ್ರದ್ದಾಗಿದ್ರೆ ನಂಗ್ ಗೊತ್ತಾಗ್ತಿತ್ತು." ಮಾವ ದೀಪವಿದ್ದ ಮನೆಯ ಕಡೆ ಗಲ್ಲ ಎತ್ತಿ ತೋರಿಸಿದರು. ನಾವು ನೋಡುತ್ತಿದ್ದ ಹಾಗೆ ಆ ಬಾಗಿಲು ಮುಂದಕ್ಕೆ ಬಂತು.

ಈ ಸಲ ಮಾಗಿಯಲ್ಲಿ ಅತ್ತೆ ಫೋನು ಮಾಡಿದಳು. "ನಿಮ್ಮಾವ ಜಡ್ಜಪ್ಪಂಗೆ ಸೂತಕ ಇಡ್ದವ್ರೆ. ಮೀಸೆ ಬೋಳ್ಸವ್ರೆ. ಒಲೆ ಅಚ್ಚಬ್ಯಾಡ ಅಂತ ಕುಂತವ್ರೆ. ಬಾವ್ವ ನೀನು."

ಸಾಹೇಬರು ತೀರಿಕೊಂಡಿದ್ದರು. ನಿವೃತ್ತರಾಗಿ ಬಹಳ ಕಾಲವಾಗಿತ್ತು, ತುಂಬಿದ ವಯಸ್ಸು. ಆದರೂ ಮದ್ದೂರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರ ಫೋಟೋಕ್ಕೆ ಹಾರ ಬಿದ್ದಿತ್ತು. ಮಂಡ್ಯದಲ್ಲಿ ವಕೀಲರು ಸಭೆ ಮಾಡಿದರೆಂದು ಬಸ್ಸಿನಲ್ಲಿ ಮಾತಾಡಿಕೊಂಡರು. ಮಳವಳ್ಳಿ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸು ಕಟ್ಟಿದ್ದರು. ನಾನು ಬಸ್ಸಿಳಿದಾಗ ಅದರ ಕೆಳಗೆ ಮೀಸೆಯಿಲ್ಲದ ಮುದುಕರೊಬ್ಬರು ಕತ್ತೆತ್ತಿ ನಿಂತಿದ್ದರು. ನಮ್ಮ ಮಾವ. ಹತ್ತಿರ ಹೋಗುವವರೆಗೆ ನನಗೆ ಗುರುತು ಸಿಗಲಿಲ್ಲ.

"ಇವ್ರೇನವ್ವ?" ಎಂದರು.

"ನಿಮಗೆ ಗೊತ್ತಿಲ್ವಾ ಮಾವ?"

"ಮೊಕ ಯಾವತ್ತು ನೋಡಿದ್ದೆ ನಾನು? ತಲೆ ತಗ್ಸಿ ನಿಂತಿದ್ದೋನು. ಮೇಜಿನ್ ಮ್ಯಾಲಿದ್ದ ಕೈ ನೋಡಿದ್ದೆ. ತೂಬ್ತಾವ ಪಾದ ನೋಡಿದ್ದೆ." ಫ್ಲೆಕ್ಸಿನಲ್ಲಿ ಎದೆಯವರೆಗೆ ಮಾತ್ರ ಚಿತ್ರವಿತ್ತು. ಕೈಯೂ ಇಲ್ಲ, ಪಾದವೂ ಇಲ್ಲ. ಮೂವತ್ತು ವರ್ಷ ಊರೂರಿಗೆ ಹೊತ್ತು ತಿರುಗಿದ ಮುಖವನ್ನು ಮಾವ ಅವತ್ತೇ ಮೊದಲು ನೋಡಿದ್ದು.

ಮನೆಯಲ್ಲಿ ಒಲೆ ತಣ್ಣಗಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ; ನೆಂಟರು, ನೆರೆಯವರು ಬೇಯಿಸಿ ತರುತ್ತಾರೆ. ಆದರೆ ಸಾಹೇಬರ ಸಾವಿಗೆ ನಮ್ಮ ಮಾವನ ಮನೆಗೆ ಯಾರು ತರುತ್ತಾರೆ? ಜಗಲಿಯ ಮೇಲೆ ಮಾವನ ಓರಗೆಯವರು ಕೂತು ಬೀಡಿ ಸೇದುತ್ತಿದ್ದರು.

"ಏನ್ಲಾ ಲಾಭದಣ್ಣ, ಜಡ್ಜಪ್ಪ ನಿಂಗೇನಾಗ್ಬೇಕ್ಲಾ?"

"ತಿಥೀಗೆ ಕಜ್ಜಾಯ ಮಾಡುಸ್ತೀಯೇನ್ಲಾ?"

ಮಾವ ಗೋಡೆಗೊರಗಿ ಕೂತಿದ್ದರು. ಇನ್ನು ಯಾರ ಕತೆ ಹೇಳುವುದು, ಯಾರಿಗೆ ಕೇಳಿಸಲೆಂದು ಹೇಳುವುದು ಎಂಬಂತಿತ್ತು ಅವರು ಕೂತ ರೀತಿ. ಮನೆಯ ಒಳಗೆ ಹೊರಗೆ ಕತ್ತಲು ಕೂಡಿಕೊಳ್ಳುತ್ತಿತ್ತು.

ಜಗಲಿಯ ಮೇಲಿನ ನಗು ಥಟ್ಟನೆ ನಿಂತಿತು. ಬೀದಿಯಲ್ಲಿ ಸಣ್ಣತಾಯಮ್ಮ ಬರುತ್ತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ಎಷ್ಟು ಮೆಲ್ಲಗೆ ಬಂದಳೆಂದರೆ ಕಾಲು ನೆಲಕ್ಕೆ ತಾಗಿತೋ ಇಲ್ಲವೋ. ನೇರ ಒಳಗೆ ಬಂದು, ಮಾವನ ಎದುರು ನೆಲಕ್ಕೆ ಕೂತು, ಬಟ್ಟೆ ಸರಿಸಿದಳು. ರಾಗಿ ಮುದ್ದೆ, ಉಪ್ಸಾರು. ಹಬೆ ಎದ್ದಿತು. ಅದನ್ನು ನೋಡಿದ ಮೇಲೆ ನನಗೆ ಉಸಿರು ಬಂತು.

"ಸಾವಿನ್ ಮನೆ ಅಂದ್ರು," ಎಂದಳು. "ಅದ್ಕೆ ತಂದೆ."

ಮಾವ ಗೋಡೆ ಬಿಟ್ಟು ನೆಟ್ಟಗೆ ಕೂತರು.

"ನಿನ್ ಸಾಯೇಬ್ರು ಒಳ್ಳೇರು, ಒಳ್ಳೇರು ಅಂತ ಊರೆಲ್ಲ ಯೋಳ್ಕಂಡ್ ತಿರುಗ್ತಿದ್ದೆಯಲ್ಲಣ್ಣ. ನಂಗೂ ಕೇಳ್ತಿತ್ತು. ಅಷ್ಟೊಳ್ಳೇರಾದ್ರೆ ಒಂದಿನ ಓಗಿ ಅವ್ರತ್ರ ಒಂದ್ ಮಾತು ಯೋಳ್ಬುಟ್ ಬರ್ಬೇಕು ಅಂತಿದ್ದೆ. ಇವತ್ತೋಯ್ತೀನಿ, ನಾಳೆ ಓಯ್ತೀನಿ ಅಂತ. ಈಗ ಅವ್ರೇ ಓದ್ರು. ಇನ್ಯಾರಿಗ್ ಯೋಳನ ನಾನು?"

"ನಂಗ್ ಯೋಳವ್ವ," ಎಂದರು ಮಾವ.

ಆಕೆ ಪಾತ್ರೆಯ ಅಂಚನ್ನು ಬೆರಳಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಅವತ್ತು ದೀಪ ಅಚ್ತಿದ್ದೆ. ನಿನ್ನೆಸ್ರು ಇಡ್ದು ಕೂಗಿದ್ದು ನಂಗೂ ಕೇಳುಸ್ತು ಕಣಣ್ಣ. ನನ್ ಗಂಡನ್ ದನಿ ಅಂತ್ಲೂ ಗೊತ್ತಾಯ್ತು. ಮೂರ್ನೇದು ಬರ್ಲಿ ಅಂತ ದೀಪ ಇಡ್ಕಂಡು ಒಸ್ಲಲ್ಲೇ ನಿಂತಿದ್ದೆ. ನಿನ್ ಕೊಟ್ಟಿಗೆಗಿಂತ ನನ್ನೊಸ್ಲೇ ತೂಬ್ಗೆ ಅತ್ರ."

ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ನೀನು ಕೋರ್ಟಲ್ಲಿ ಎಲ್ಡು ಕೂಗು ಅಂದಾಗ ಎಲ್ರೂ ನಕ್ರು. ನಾನೂ ಅಲ್ಲೇ ಇದ್ದೆ. ನಂಗೂ ಕೇಳುಸ್ತು ಬುದ್ಧಿ ಅಂತ ಎದ್ದು ನಿಂತಿದ್ರೆ ಮುಗೀತಿತ್ತು. ಅಂದಿದ್ರೆ, ನೀನ್ಯಾಕಮ್ಮ ಓಗ್ನಿಲ್ಲ ಅಂತಿದ್ರು. ಅದ್ಕೆ ಏನಂತ ಯೋಳನ? ನಿನ್ ಮೊಕ ಕಂಡ್ರೆ ಬಾಗ್ಲು ಆಕ್ಕಂತಿದ್ದೆ. ನಿನ್ಮೇಲೆ ಸಂಸಯ ಇತ್ತಾ ನಂಗೆ? ಒಂದಿನಾನೂ ಇರ್ನಿಲ್ಲ." ಆಕೆ ಮೊದಲ ಸಲ ತಲೆಯೆತ್ತಿದಳು. "ನಿನ್ನ ಆವಯ್ಯ ನಂಬುದ್ರು. ನನ್ನ ಯಾರಣ್ಣ ನಂಬ್ತರೆ?"

ಜಗಲಿಯ ಮೇಲೆ ಯಾರ ಬೀಡಿಯೂ ಉರಿಯುತ್ತಿರಲಿಲ್ಲ.

ಮೂವತ್ತು ವರ್ಷದಿಂದ ಆಕೆಯ ಬಾಯಿಂದ ಒಂದು ಮಾತಿಗೆ ಕಾದಿದ್ದ ನಮ್ಮ ಮಾವ ಈಗ ಸಾಹೇಬರ ಹೆಸರೆತ್ತಲಿಲ್ಲ, ತೀರ್ಪಿನ ಮಾತಾಡಲಿಲ್ಲ. ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮುದ್ದೆಯನ್ನು ಎರಡು ಪಾಲು ಮಾಡಿದರು. ಒಂದು ಪಾಲನ್ನು ಸಾರಿನ ಸಮೇತ ಆಕೆಯ ಕಡೆ ನೂಕಿದರು.

"ನಂಬ್ದೆ ಕಣವ್ವ," ಎಂದರು. "ಉಣ್ಣು."

ಆಕೆ ಅಳುತ್ತಲೇ ಒಂದು ತುತ್ತು ಮುರಿದಳು. ಅಷ್ಟು ಸಾರು ಇಬ್ಬರಿಗೆ ಎಲ್ಲಿ ಸಾಲುತ್ತದೆ ಎಂದುಕೊಂಡು ಅತ್ತೆ ಒಳಗೆ ಹೋಗಿ ಒಲೆ ಹಚ್ಚಿದಳು.